ಕಿವಿಯಂಚಿನ ಕಚ್ಚು: ಬೆಂಗಳೂರು ಉತ್ತರದಲ್ಲಿ ಹೆಣ್ಣು ನಾಯಿಯ ಶಸ್ತ್ರಚಿಕಿತ್ಸೆಯ ಚರಿತ್ರೆ

ಯಶವಂತಪುರದ ಎಪಿಎಂಸಿ ಯಾರ್ಡಿನ ಸುತ್ತ, ಆರ್.ಟಿ. ನಗರದ ಕೋಳಿ ಅಂಗಡಿಗಳ ಸಾಲಿನಲ್ಲಿ, ಯಲಹಂಕ ಉಪನಗರದ ಪಾರ್ಕುಗಳ ಗೇಟಿನಲ್ಲಿ ಮಲಗಿರುವ ಕಂತ್ರಿ ನಾಯಿಗಳ ಕಿವಿಯನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂಗತಿ ಕಾಣುತ್ತದೆ. ಬಹಳಷ್ಟು ನಾಯಿಗಳಿಗೆ ಒಂದು ಕಿವಿಯ ಅಂಚಿನಲ್ಲಿ ‘ವಿ’ ಆಕಾರದ ಕಚ್ಚು ಇರುತ್ತದೆ. ಅದು ಜಗಳದಲ್ಲಿ ಹರಿದದ್ದಲ್ಲ, ಪಶುವೈದ್ಯರು ಕತ್ತರಿಸಿದ್ದು. ಈ ನಾಯಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ, ರೇಬೀಸ್ ಲಸಿಕೆಯೂ ಬಿದ್ದಿದೆ, ಮತ್ತೆ ಹಿಡಿಯಬೇಡಿ ಎಂದು ನಾಯಿ ಹಿಡಿಯುವವರಿಗೆ ತಿಳಿಸುವ ಗುರುತು.

ಕಾಲಂಗುಲದಷ್ಟಿರುವ ಈ ಕಚ್ಚಿನ ಹಿಂದೆ ಮೂರೂವರೆ ದಶಕದ ಚರಿತ್ರೆಯಿದೆ. ಅದರ ದೊಡ್ಡ ಪಾಲು ನಡೆದದ್ದು ಹೆಬ್ಬಾಳ ಮತ್ತು ಯಲಹಂಕದಲ್ಲಿ. ಈ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ನಾಯಿಗಳ ಸಂಖ್ಯೆ, ಕಡಿತದ ಪ್ರಕರಣ, ಕೋರ್ಟಿನ ಆದೇಶಗಳ ಲೆಕ್ಕದಲ್ಲೇ ಹೇಳುತ್ತಾರೆ. ಊರಿನವರ ಸುರಕ್ಷತೆಗಾಗಿ ಮಾಡಿದ ಈ ಕೆಲಸದಿಂದ ಎಲ್ಲರಿಗಿಂತ ಹೆಚ್ಚು ಲಾಭ ಪಡೆದದ್ದು ಹೆಣ್ಣು ನಾಯಿ ಎಂಬುದು ಆ ಲೆಕ್ಕದಲ್ಲಿ ಎಲ್ಲಿಯೂ ಬರುವುದಿಲ್ಲ.

ಹೆಬ್ಬಾಳಕ್ಕೂ ಪ್ರಾಣಿವೈದ್ಯಕ್ಕೂ ಇರುವ ನಂಟು ಹಳೆಯದು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಕೃಷಿ ಪ್ರಯೋಗಕ್ಕೆಂದು ಇಲ್ಲಿ 30 ಎಕರೆ ಜಮೀನು ಕೊಟ್ಟರು. 1920ರ ದಶಕದಲ್ಲಿ ಮೈಸೂರು ಸಂಸ್ಥಾನ ಇಲ್ಲೇ ಸೀರಮ್ ಸಂಸ್ಥೆ ತೆರೆಯಿತು. ರೈತರು ದೊಡ್ಡರೋಗ ಎಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಆಗ ಕೊಟ್ಟಿಗೆಗಳನ್ನೇ ಬರಿದು ಮಾಡುತ್ತಿತ್ತು. ಅದಕ್ಕೆ ಔಷಧ ತಯಾರಿಸುವುದು ಈ ಸಂಸ್ಥೆಯ ಕೆಲಸ. ಇಂದಿನ ಪಶು ಆರೋಗ್ಯ ಮತ್ತು ಜೈವಿಕ ಉತ್ಪನ್ನಗಳ ಸಂಸ್ಥೆ ಅದರದೇ ಮುಂದುವರಿಕೆ. 1958ರಲ್ಲಿ ಪಶುವೈದ್ಯಕೀಯ ಕಾಲೇಜು ಬಂತು. ಅದು 1964ರಲ್ಲಿ ಕೃಷಿ ವಿಶ್ವವಿದ್ಯಾಲಯದ ತೆಕ್ಕೆಗೆ ಹೋಗಿ, ಈಗ ಬೀದರಿನಲ್ಲಿ ಕೇಂದ್ರವಿರುವ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದೆ.

ಇಷ್ಟೆಲ್ಲ ಕಟ್ಟಿದ್ದು ದನ, ಎಮ್ಮೆ, ಕುರಿ, ಕೋಳಿಗಳಿಗಾಗಿ. ಹಾಲು, ಉಣ್ಣೆ, ಮೊಟ್ಟೆ ಕೊಡದ ಬೀದಿನಾಯಿಗೆ ಅಲ್ಲಿ ಜಾಗವಿರಲಿಲ್ಲ. ಅದರ ಸಂಗತಿಯನ್ನು ನೋಡಿಕೊಳ್ಳುತ್ತಿದ್ದದ್ದು ಪಾಲಿಕೆಯ ಆರೋಗ್ಯ ಇಲಾಖೆ, ಅದೂ ಕಸ ಮತ್ತು ಚರಂಡಿಯ ಜೊತೆಗೆ.

ಆ ಕಾಲದ ಪರಿಹಾರ ಒಂದೇ: ಹಿಡಿ, ಕೊಲ್ಲು. ಬ್ರಿಟಿಷರ ಕಾಲದಿಂದ ಬಂದ ಈ ಪದ್ಧತಿಯನ್ನು ಸ್ವತಂತ್ರ ಭಾರತದ ಪುರಸಭೆಗಳೂ ಮುಂದುವರಿಸಿದವು. 1976ರ ಕರ್ನಾಟಕ ಪೌರ ನಿಗಮಗಳ ಕಾಯಿದೆಯಲ್ಲೂ ಅದಕ್ಕೆ ಅವಕಾಶವಿತ್ತು. ಕೊಂದು ಏನಾಯಿತು ಎಂಬುದಕ್ಕೆ ಒಳ್ಳೆಯ ಲೆಕ್ಕ ಸಿಗುವುದು ಪಕ್ಕದ ಮದರಾಸಿನಲ್ಲಿ. ಅಲ್ಲಿನ ನಗರಸಭೆ 19ನೆಯ ಶತಮಾನದಲ್ಲಿ ಕೊಲ್ಲಲು ತೊಡಗಿದಾಗ ದಿನಕ್ಕೆ ಒಂದು ನಾಯಿಯೂ ಸಾಯುತ್ತಿರಲಿಲ್ಲ. 1995ರ ಹೊತ್ತಿಗೆ ಆ ಸಂಖ್ಯೆ ದಿನಕ್ಕೆ 135ರವರೆಗೆ ಏರಿತ್ತು. ಬೀದಿಯಲ್ಲಿ ನಾಯಿಗಳು ಮಾತ್ರ ಇದ್ದ ಹಾಗೇ ಇದ್ದವು. ಇದು ಅಲ್ಲಿನ ಪ್ರಾಣಿದಯಾ ಸಂಸ್ಥೆ ಬ್ಲೂ ಕ್ರಾಸ್‌ನ ಚಿನ್ನಿ ಕೃಷ್ಣ ಅವರು ಮುಂದಿಡುತ್ತಿದ್ದ ಲೆಕ್ಕ. ಕೊಲ್ಲುವ ಬದಲು ಸಂತಾನಹರಣ ಮಾಡೋಣ ಎಂದು ಅವರ ಸಂಸ್ಥೆ 1964ರಲ್ಲೇ ಹೇಳಿತ್ತು. ಮದರಾಸು ಪಾಲಿಕೆ ಅದಕ್ಕೆ ತಲೆಯಾಡಿಸುವ ಹೊತ್ತಿಗೆ ಮೂವತ್ತು ವರ್ಷ ಕಳೆದಿತ್ತು.

ಕೊಂದರೂ ಕಡಿಮೆಯಾಗದಿರುವುದಕ್ಕೆ ಕಾರಣ ಸರಳ. ಒಂದು ಬೀದಿಯಲ್ಲಿ ಎಷ್ಟು ನಾಯಿ ಬದುಕಬಹುದು ಎಂಬುದನ್ನು ತೀರ್ಮಾನಿಸುವುದು ಅಲ್ಲಿ ಸಿಗುವ ಅನ್ನ, ಎಲುಬು, ಕಸ. ಹತ್ತು ನಾಯಿಗಳನ್ನು ಎತ್ತಿದರೆ ಆ ಕೂಳು ಉಳಿದವುಗಳ ಪಾಲಾಗುತ್ತದೆ. ಪಕ್ಕದ ಬೀದಿಯ ನಾಯಿಗಳು ಬಂದು ಸೇರುತ್ತವೆ. ಉಳಿದ ಹೆಣ್ಣುಗಳು ಹಾಕಿದ ಮರಿಗಳು ಹೊಟ್ಟೆ ತುಂಬಿಸಿಕೊಂಡು ಹೆಚ್ಚು ಸಂಖ್ಯೆಯಲ್ಲಿ ಬದುಕುತ್ತವೆ. ನಾಯಿಗಳನ್ನು ಕೊಲ್ಲುವುದರಿಂದ ಅವುಗಳ ಸಾಂದ್ರತೆಯಾಗಲಿ ರೇಬೀಸಾಗಲಿ ಗಣನೀಯವಾಗಿ ತಗ್ಗಿದ್ದಕ್ಕೆ ಎಲ್ಲಿಯೂ ಪುರಾವೆಯಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ 1992ರ ವರದಿಯಲ್ಲಿ ಹೇಳಿತು.

ಬೆಂಗಳೂರಿನಲ್ಲಿ ಗಾಳಿ ಬದಲಾದದ್ದು ಇದೇ ಹೊತ್ತಿನಲ್ಲಿ. ಕ್ರಿಸ್ಟಲ್ ರೋಜರ್ಸ್ ಎಂಬ ಇಂಗ್ಲಿಷ್ ಹೆಂಗಸು 1959ರಲ್ಲಿ ದೆಹಲಿಯಲ್ಲಿ ಗಾಯಗೊಂಡ ಪ್ರಾಣಿಗಳಿಗೊಂದು ಆಶ್ರಯ ತೆರೆದಿದ್ದರು. 1980ರಲ್ಲಿ ಜೈಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಸಂಸ್ಥೆ ಕಟ್ಟಿದರು. ವಿಶ್ರಾಂತಿಯ ವಯಸ್ಸಿನಲ್ಲಿ ಬೆಂಗಳೂರಿಗೆ ಬಂದವರು 1991ರಲ್ಲಿ, ತಮ್ಮ ಎಂಬತ್ತೈದರ ಆಸುಪಾಸಿನಲ್ಲಿ, ಇಲ್ಲೂ ಒಂದನ್ನು ಹುಟ್ಟುಹಾಕಿದರು: ‘ಕಂಪ್ಯಾಶನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್’. ಎಲ್ಲರ ಬಾಯಲ್ಲಿ ಅದು ‘ಕ್ಯೂಪಾ’. ಐದು ವರ್ಷದ ಮೇಲೆ ರೋಜರ್ಸ್ ತೀರಿಕೊಂಡರು. ಸುಪರ್ಣಾ ಗಂಗೂಲಿ ಮತ್ತು ಸಂಗಡಿಗರು ಕೆಲಸ ಮುಂದುವರಿಸಿದರು. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆವರಣದಲ್ಲಿ ಕ್ಯೂಪಾಗೆ ನೆಲೆ ಸಿಕ್ಕಿತು. ದೊಡ್ಡರೋಗದ ಔಷಧಕ್ಕೆ ಹೆಸರಾದ ನೆಲಕ್ಕೆ, ಲಾರಿ ಚಕ್ರಕ್ಕೆ ಸಿಕ್ಕ ಬೀದಿನಾಯಿಯನ್ನೂ ಆಟೊದಲ್ಲಿ ಹಾಕಿಕೊಂಡು ಜನ ಬರತೊಡಗಿದರು.

ರೋಜರ್ಸ್ ಬಿಟ್ಟುಬಂದ ಜೈಪುರದಲ್ಲಿ ಆಗ ನಡೆದದ್ದು ಇಡೀ ದೇಶಕ್ಕೆ ಪಾಠವಾಯಿತು. 1994ರ ಕೊನೆಯಲ್ಲಿ ಅವರ ಸಂಸ್ಥೆ ನಗರದ ನಾಯಿಗಳಿಗೆ, ಅದರಲ್ಲೂ ಮುಖ್ಯವಾಗಿ ಹೆಣ್ಣು ನಾಯಿಗಳಿಗೆ, ಶಸ್ತ್ರಚಿಕಿತ್ಸೆ ಮಾಡಿ ಲಸಿಕೆ ಹಾಕಿ ಹಿಡಿದ ಜಾಗದಲ್ಲೇ ಬಿಡಲು ತೊಡಗಿತು. 2002ರ ವೇಳೆಗೆ 24,986 ನಾಯಿಗಳು ಅವರ ಕೈ ದಾಟಿದ್ದವು. ಆ ಪ್ರದೇಶದ ಹೆಣ್ಣು ನಾಯಿಗಳಲ್ಲಿ ಸುಮಾರು ಶೇ 65ಕ್ಕೆ ಶಸ್ತ್ರಚಿಕಿತ್ಸೆ ಆಗಿತ್ತು; ನಾಯಿಗಳ ಸಂಖ್ಯೆ ಶೇ 28ರಷ್ಟು ಇಳಿದಿತ್ತು; ಕಾರ್ಯಕ್ರಮ ನಡೆದ ಪ್ರದೇಶದಲ್ಲಿ ಮನುಷ್ಯರ ರೇಬೀಸ್ ಪ್ರಕರಣ ಸೊನ್ನೆಗೆ ಬಂದಿತ್ತು. ಪಶುವೈದ್ಯ ಜ್ಯಾಕ್ ರೀಸ್ ಮತ್ತು ಅವರ ಸಹೋದ್ಯೋಗಿ ಚಾವ್ಲಾ 2006ರಲ್ಲಿ ಇದನ್ನು ಪ್ರಕಟಿಸಿದರು. ಕಡಿತಗಳು ವರ್ಷವಿಡೀ ಒಂದೇ ಸಮ ಇರುವುದಿಲ್ಲ, ತಾಯಿನಾಯಿಗಳು ಮರಿ ಕಾಯುವ ತಿಂಗಳುಗಳಲ್ಲಿ ಏರುತ್ತವೆ, ಶಸ್ತ್ರಚಿಕಿತ್ಸೆ ಹೆಚ್ಚಿದಂತೆ ಇಳಿಯುತ್ತವೆ ಎಂಬುದೂ ಮುಂದೆ ಅಲ್ಲೇ ಕಂಡಿತು.

ಗಂಡಿಗಿಂತ ಹೆಣ್ಣಿಗೇ ಏಕೆ ಮೊದಲ ಆದ್ಯತೆ? ಒಂದು ಕೇರಿಯ ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಶಸ್ತ್ರಚಿಕಿತ್ಸೆ ಮಾಡಿದರೂ ಉಳಿದ ಒಂದು ಗಂಡು ಕೇರಿಯ ಎಲ್ಲ ಹೆಣ್ಣುಗಳಿಗೂ ಸಾಕು. ಹೆಣ್ಣಿನ ವಿಷಯದಲ್ಲಿ ಪ್ರತಿಯೊಂದೂ ಲೆಕ್ಕಕ್ಕೆ ಬರುತ್ತದೆ. ಬಸಿರು ಸುಮಾರು 63 ದಿನ. ಒಂದು ಸೂಲಿಗೆ ನಾಲ್ಕಾರು ಮರಿ. ನಮ್ಮ ಬೀದಿನಾಯಿಗಳು ಹೆಚ್ಚಾಗಿ ಮಳೆಗಾಲ ಕಳೆಯುವ ಹೊತ್ತಿಗೆ ಬೆದೆಗೆ ಬರುತ್ತವೆ. ಕಾರ್ತಿಕ ಮಾಸದ ನಾಯಿಗಳ ಮಾತು ನಮ್ಮ ಹಳ್ಳಿಗಳಲ್ಲಿ ಬೈಗುಳವಾಗಿ ನಿಂತದ್ದು ಸುಮ್ಮನಲ್ಲ. ಚಳಿಗಾಲ ಬರುತ್ತಿದ್ದಂತೆ ಜಕ್ಕೂರು, ಥಣಿಸಂದ್ರದ ಕಡೆ ಕಟ್ಟುತ್ತಿರುವ ಮನೆಗಳ ಮರಳು ಗುಡ್ಡೆಗಳಲ್ಲಿ ಕಣ್ಣುಬಿಡದ ಮರಿಗಳು ಕಾಣತೊಡಗುತ್ತವೆ.

ಆ ಮರಿಗಳಲ್ಲಿ ಬಹುಪಾಲು ಬೆಳೆಯುವುದೇ ಇಲ್ಲ. ಕೋಲ್ಕತ್ತದ ಐಸರ್ ಸಂಸ್ಥೆಯ ಸಂಶೋಧಕರು ಪಶ್ಚಿಮ ಬಂಗಾಳದಲ್ಲಿ 364 ಮರಿಗಳನ್ನು ಹುಟ್ಟಿದಾಗಿನಿಂದ ಗಮನಿಸಿದರು. ಅವುಗಳಲ್ಲಿ ಸುಮಾರು ಏಳು ತಿಂಗಳ ವಯಸ್ಸಿಗೆ, ಅಂದರೆ ಪ್ರಾಯಕ್ಕೆ ಬಂದದ್ದು ಶೇ 19 ಮಾತ್ರ. ಸತ್ತವುಗಳಲ್ಲಿ ಅರ್ಧಕ್ಕೂ ಹೆಚ್ಚಿನವುಗಳ ಸಾವಿಗೆ ಮನುಷ್ಯರೇ ನೇರವಾಗಿಯೋ ಪರೋಕ್ಷವಾಗಿಯೋ ಕಾರಣ. ಹಾಲೂಡಿಸಿ ಎಲುಬಿನ ಗೂಡಾಗುವ ತಾಯಿ ಪ್ರತಿವರ್ಷ ಹೆರುತ್ತದೆ, ಹೆತ್ತದ್ದರಲ್ಲಿ ಐದಕ್ಕೆ ನಾಲ್ಕನ್ನು ಕಳೆದುಕೊಳ್ಳುತ್ತದೆ.

ಶಸ್ತ್ರಚಿಕಿತ್ಸೆ ಹೀಗೆ ನಡೆಯುತ್ತದೆ. ಬೆಳಗಿನ ಜಾವ ಬಲೆ ಹಿಡಿದು ವ್ಯಾನಿನಲ್ಲಿ ಹೊರಟವರು ತಂದ ನಾಯಿಗೆ, ಹಿಡಿದ ಬೀದಿಯ ಹೆಸರಿರುವ ಪಟ್ಟಿಯನ್ನು ಕೊರಳಿಗೆ ಕಟ್ಟುತ್ತಾರೆ. ಹೊಟ್ಟೆ ಖಾಲಿ ಇಟ್ಟು ಮರುದಿನ ಅರಿವಳಿಕೆ ಕೊಡುತ್ತಾರೆ. ಬಲ ಪಕ್ಕೆಯಲ್ಲಿ ಅಂಗೈಯಗಲದ ಕೂದಲು ಬೋಳಿಸಿ, ಅಯೋಡಿನ್ ಬಳಿದು, ನಡುವೆ ಕಿಟಕಿಯಿರುವ ಹಸಿರು ಬಟ್ಟೆ ಹೊದಿಸುತ್ತಾರೆ. ಪಳಗಿದ ಕೈಯಾದರೆ ಗಾಯ ಎರಡು ಬೆರಳಿನಗಲ ಮೀರುವುದಿಲ್ಲ. ಕೊಕ್ಕೆಯಂಥ ಸಲಕರಣೆಯಿಂದಲೋ ಬೆರಳಿನಿಂದಲೋ ಗರ್ಭಕೋಶದ ಒಂದು ಕವಲನ್ನು ಮೇಲಕ್ಕೆಳೆದು, ತುದಿಯ ಅಂಡಾಶಯದ ರಕ್ತನಾಳವನ್ನು ದಾರದಿಂದ ಬಿಗಿದು ಕತ್ತರಿಸುತ್ತಾರೆ. ಇನ್ನೊಂದು ಕವಲಿಗೂ ಅದೇ. ಕೊನೆಗೆ ಗರ್ಭಕೋಶದ ಬುಡ. ಎಲ್ಲ ಸರಿಯಿದ್ದರೆ ಅರ್ಧ ತಾಸಿನೊಳಗೆ ಹೊಲಿಗೆ ಮುಗಿಯುತ್ತದೆ. ಹೊಲಿಗೆ ಪಕ್ಕೆಯಲ್ಲಿರುವುದರಿಂದ ನಾಯಿ ಎದ್ದು ಓಡಾಡುವಾಗಲೂ ದೂರದಿಂದಲೇ ಗಾಯ ಪರೀಕ್ಷಿಸಬಹುದು. ಹಾಲೂಡಿಸುತ್ತಿದ್ದ ನಾಯಿಯಾದರೆ ಮೊಲೆಗಳಿಗೆ ಕತ್ತರಿ ತಾಗುವುದಿಲ್ಲ. ಮಂಪರು ಇಳಿಯುವ ಮುಂಚೆಯೇ ಕಿವಿಗೆ ಕಚ್ಚು, ತೊಡೆಗೆ ರೇಬೀಸ್ ಲಸಿಕೆ. ನಾಲ್ಕಾರು ದಿನ ಗೂಡಿನಲ್ಲಿಟ್ಟು, ಕೊರಳಪಟ್ಟಿಯಲ್ಲಿ ಬರೆದಿದ್ದ ಬೀದಿಯಲ್ಲೇ ಇಳಿಸುತ್ತಾರೆ.

ಗರ್ಭಕೋಶ ಮತ್ತು ಅಂಡಾಶಯ ಹೋದ ನಾಯಿಗೆ ಮುಂದೆ ಬಾರದೇ ಹೋಗುವ ಕಾಯಿಲೆಗಳ ಪಟ್ಟಿ ಉದ್ದವಿದೆ. ಅದರಲ್ಲಿ ಮೊದಲನೆಯದು ಪಯೋಮೆಟ್ರಾ, ಅಂದರೆ ಗರ್ಭಕೋಶದೊಳಗೆ ಕೀವು ತುಂಬುವುದು. ಬೆದೆ ಮುಗಿದ ಮೇಲೆ, ಬಸಿರಾಗಲಿ ಆಗದಿರಲಿ, ಹೆಣ್ಣು ನಾಯಿಯ ದೇಹದಲ್ಲಿ ಪ್ರೊಜೆಸ್ಟರಾನ್ ಹಾರ್ಮೋನು ಎರಡು ತಿಂಗಳಷ್ಟು ಕಾಲ ಏರಿಯೇ ಇರುತ್ತದೆ. ಗರ್ಭಕೋಶದ ಒಳಪದರ ದಪ್ಪವಾಗುತ್ತದೆ, ಬಾಯಿ ಮುಚ್ಚಿಕೊಳ್ಳುತ್ತದೆ. ಒಳಗೆ ಸೇರಿಕೊಂಡ ಬ್ಯಾಕ್ಟೀರಿಯಾ ಅಲ್ಲೇ ಬೆಳೆಯುತ್ತದೆ. ಪ್ರತಿ ಬೆದೆಯೂ ಈ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಸ್ವೀಡನ್ನಿನಲ್ಲಿ ವಿಮೆ ಮಾಡಿಸಿದ ನಾಯಿಗಳ ದಾಖಲೆ ನೋಡಿದಾಗ, ಶಸ್ತ್ರಚಿಕಿತ್ಸೆಯಾಗದ ಹೆಣ್ಣುಗಳಲ್ಲಿ ಹೆಚ್ಚುಕಡಿಮೆ ನಾಲ್ಕರಲ್ಲಿ ಒಂದಕ್ಕೆ ಹತ್ತು ವರ್ಷ ತುಂಬುವುದರೊಳಗೆ ಈ ಕಾಯಿಲೆ ಬಂದಿತ್ತು.

ಮನೆಯವರಿಗೆ ಇದು ಬೇಗ ತಿಳಿಯುವುದಿಲ್ಲ. ಬೆದೆ ಕಳೆದು ಒಂದೆರಡು ತಿಂಗಳಿಗೆ ನಾಯಿ ಊಟ ಬಿಡುತ್ತದೆ, ಬಟ್ಟಲುಗಟ್ಟಲೆ ನೀರು ಕುಡಿಯುತ್ತದೆ, ವಾಂತಿ ಮಾಡುತ್ತದೆ. ಏನೋ ತಿನ್ನಬಾರದ್ದು ತಿಂದಿದೆ ಎಂದುಕೊಂಡು ಮಜ್ಜಿಗೆ ಅನ್ನ ಕೊಟ್ಟು ಕಾಯುತ್ತಾರೆ. ಹಿಂದಿನಿಂದ ಕೀವು ಸುರಿದರೆ ಪುಣ್ಯ, ಡಾಕ್ಟರ ಬಳಿ ಓಡುತ್ತಾರೆ. ಗರ್ಭಕೋಶದ ಬಾಯಿ ಮುಚ್ಚಿದ್ದರೆ ಹೊರಗೆ ಏನೂ ಕಾಣದೆ ನಂಜು ರಕ್ತಕ್ಕೇರುತ್ತದೆ. ಕೊನೆಗೆ ಮಾಡುವುದು ಅದೇ ಶಸ್ತ್ರಚಿಕಿತ್ಸೆ. ಆದರೆ ಆರೋಗ್ಯವಾಗಿದ್ದಾಗ ಅರ್ಧ ಗಂಟೆಯಲ್ಲಿ ಮುಗಿಯುತ್ತಿದ್ದದ್ದು ಈಗ ಕಿಡ್ನಿ ಸೋಲುತ್ತಿರುವ, ಕೀವು ತುಂಬಿದ ಮುದಿ ನಾಯಿಯ ಮೇಲೆ ಪ್ರಾಣದ ಹಂಗಿನಲ್ಲಿ ನಡೆಯಬೇಕು.

ಎರಡನೆಯದು ಮೊಲೆಯ ಗಡ್ಡೆ. 1969ರಲ್ಲಿ ಅಮೆರಿಕದ ಷ್ನೈಡರ್ ಮತ್ತು ಜೊತೆಗಾರರು ಒಂದು ಅಧ್ಯಯನ ಪ್ರಕಟಿಸಿದರು. ಶಸ್ತ್ರಚಿಕಿತ್ಸೆಯಾಗದ ನಾಯಿಗೆ ಮೊಲೆಯ ಕ್ಯಾನ್ಸರ್ ಬರುವ ಅಪಾಯ ನೂರು ಎಂದಿಟ್ಟುಕೊಂಡರೆ, ಮೊದಲ ಬೆದೆಗೆ ಮುಂಚೆ ಶಸ್ತ್ರಚಿಕಿತ್ಸೆಯಾದ ನಾಯಿಗೆ ಅರ್ಧ, ಒಂದು ಬೆದೆಯ ನಂತರ ಎಂಟು, ಎರಡು ಅಥವಾ ಹೆಚ್ಚು ಬೆದೆಗಳ ನಂತರ ಇಪ್ಪತ್ತಾರು ಎಂಬುದು ಅವರ ಲೆಕ್ಕ. ಇದಕ್ಕೆ ಆಧಾರವಾದ ಪುರಾವೆ ಗಟ್ಟಿಯಿಲ್ಲ ಎಂದು ಬ್ರಿಟನ್ನಿನ ಸಂಶೋಧಕರು 2012ರಲ್ಲಿ ತಕರಾರು ತೆಗೆದರು. ಅಂಕಿಯ ಬಗ್ಗೆ ವಾದವಿದ್ದರೂ ಅಂಡಾಶಯದ ಹಾರ್ಮೋನುಗಳಿಗೂ ಈ ಗಡ್ಡೆಗೂ ನಂಟಿದೆ ಎಂಬುದನ್ನು ಪಶುವೈದ್ಯರು ಒಪ್ಪುತ್ತಾರೆ.

ಮೂರನೆಯದು ಬೀದಿನಾಯಿಗಳಲ್ಲೇ ಹೆಚ್ಚು: ಕೂಡುವಾಗ ಅಂಟುವ ಕ್ಯಾನ್ಸರ್. ಇಲ್ಲಿ ವೈರಸ್ ಇಲ್ಲ. ಒಂದು ನಾಯಿಯ ಕ್ಯಾನ್ಸರ್ ಜೀವಕೋಶವೇ ಇನ್ನೊಂದರ ಮೈಗೆ ದಾಟಿ ಅಲ್ಲಿ ಬೆಳೆಯುತ್ತದೆ. ಸಾವಿರಾರು ವರ್ಷಗಳ ಹಿಂದೆ ಏಷ್ಯಾದ ಯಾವುದೋ ಒಂದೇ ನಾಯಿಯಲ್ಲಿ ಹುಟ್ಟಿದ ಗಡ್ಡೆ ಇಂದಿಗೂ ನಾಯಿಯಿಂದ ನಾಯಿಗೆ ದಾಟುತ್ತಿದೆ. ಯೋನಿಯಲ್ಲಿ ಹೂಕೋಸಿನಂತೆ ಬೆಳೆದು ರಕ್ತ ಜಿನುಗುವ ಈ ಗಡ್ಡೆ ವಿನ್‌ಕ್ರಿಸ್ಟಿನ್ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಕರಗುತ್ತದೆ. ಆದರೆ ಬೀದಿಯ ನಾಯಿಯನ್ನು ವಾರವಾರವೂ ಹಿಡಿದು ಇಂಜೆಕ್ಷನ್ ಕೊಡುವವರು ಬೇಕು. ಬೆದೆಯೇ ಬಾರದ ಹೆಣ್ಣಿಗೆ ಇದರ ಭಯ ಬಹಳ ಮಟ್ಟಿಗೆ ಇಲ್ಲ.

ನಷ್ಟವೇ ಇಲ್ಲ ಎನ್ನುವಂತಿಲ್ಲ. ಕೆಲವು ನಾಯಿಗಳಿಗೆ ವಯಸ್ಸಾದ ಮೇಲೆ ಮಲಗಿದ್ದಲ್ಲೇ ಮೂತ್ರ ಸೋರುತ್ತದೆ. ಊಟ ಕಡಿಮೆ ಮಾಡದಿದ್ದರೆ ಮೈ ಬರುತ್ತದೆ. ಗೋಲ್ಡನ್ ರಿಟ್ರೀವರಿನಂಥ ದೊಡ್ಡ ತಳಿಗಳಲ್ಲಿ ತೀರ ಎಳವೆಯಲ್ಲೇ ಮಾಡಿದರೆ ಕೀಲುಗಳ ತೊಂದರೆ ಮತ್ತು ಕೆಲವು ಬಗೆಯ ಕ್ಯಾನ್ಸರ್ ಹೆಚ್ಚುವುದನ್ನು ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿದ್ದಾರೆ. ಆದ್ದರಿಂದ ಯಾವ ವಯಸ್ಸಿನಲ್ಲಿ ಎಂಬುದನ್ನು ತಳಿ ನೋಡಿ ನಿರ್ಧರಿಸಬೇಕು. ಬೀದಿಯ ಕಂತ್ರಿ ಹೆಣ್ಣಿಗೆ ಈ ಲೆಕ್ಕಾಚಾರ ಹೆಚ್ಚು ಅನ್ವಯಿಸದು. ಅದಕ್ಕೆ ಮುಂದಿನ ಕಾರ್ತಿಕವೇ ದೊಡ್ಡ ಅಪಾಯ.

ಹೊಸ ಶತಮಾನದ ಆರಂಭದಲ್ಲಿ ಬೆಂಗಳೂರು ಮಹಾನಗರ ಪಾಲಿಕೆ ಕ್ಯೂಪಾ ಮತ್ತಿತರ ಸಂಸ್ಥೆಗಳ ಜೊತೆಗೂಡಿ ಸಂತಾನಹರಣಕ್ಕೆ ಕೈಹಾಕಿತು. 2001ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಾಣಿ ಜನನ ನಿಯಂತ್ರಣ ನಿಯಮಗಳನ್ನು ಹೊರಡಿಸಿದಾಗ ಅದಕ್ಕೆ ಕಾನೂನಿನ ಬಲ ಬಂತು. ಹಿಡಿ, ಶಸ್ತ್ರಚಿಕಿತ್ಸೆ ಮಾಡು, ಲಸಿಕೆ ಹಾಕು, ಅಲ್ಲೇ ಬಿಡು ಎಂಬುದು ದೇಶದ ನೀತಿಯಾಯಿತು. ಇಲಾಖೆಯವರ ಬಾಯಲ್ಲಿ ಅದು ‘ಎಬಿಸಿ’.

ಆದರೆ ಪಾಲಿಕೆಯ ಗಡಿಗೆ ಬಂದರೆ ಎಬಿಸಿ ನಿಲ್ಲುತ್ತಿತ್ತು, ನಾಯಿ ನಿಲ್ಲುತ್ತಿರಲಿಲ್ಲ. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿಗಳು ಆಗ ಬೇರೆ ಬೇರೆ ನಗರಸಭೆಗಳು. ಗಡಿಯ ಆಚೆ ಕಸದ ರಾಶಿಗಳಿದ್ದವು, ಮಾಂಸದಂಗಡಿಗಳಿದ್ದವು, ಶಸ್ತ್ರಚಿಕಿತ್ಸೆ ಇರಲಿಲ್ಲ. 2007ರ ಆರಂಭದಲ್ಲಿ ಈ ನಗರಸಭೆಗಳನ್ನೂ ನೂರಕ್ಕೂ ಹೆಚ್ಚು ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ, ಅಂದರೆ ಬಿಬಿಎಂಪಿ, ರಚನೆಯಾಯಿತು. 226 ಚದರ ಕಿಲೋಮೀಟರಿನ ನಗರ ಒಂದೇ ಏಟಿಗೆ 700 ದಾಟಿತು. ಅದೇ ತಿಂಗಳುಗಳಲ್ಲಿ ನಗರದಲ್ಲಿ ಎರಡು ಎಳೆಯ ಮಕ್ಕಳು ನಾಯಿಗಳ ದಾಳಿಗೆ ಬಲಿಯಾದರು. ಜನ ಸಿಟ್ಟಿಗೆದ್ದರು. ಕೆಲ ವಾರಗಳ ಮಟ್ಟಿಗೆ ಹಿಡಿದು ಕೊಲ್ಲುವ ಹಳೆಯ ಪದ್ಧತಿ ಮರಳಿತು. ಹೊರದೇಶದ ಪತ್ರಿಕೆಗಳಲ್ಲೂ ಅದು ಸುದ್ದಿಯಾಯಿತು.

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಬಾಗಿಲು ತೆರೆದ ಮೇಲೆ ಬಳ್ಳಾರಿ ರಸ್ತೆಯ ಇಕ್ಕೆಲಗಳಲ್ಲಿ ಊರು ಹಬ್ಬಿತು. ಯಲಹಂಕದ ಹತ್ತಿರದ ಮಾವಳ್ಳಿಪುರದಲ್ಲಿ ನಗರದ ಕಸ ಬೆಟ್ಟವಾಗಿ, ಹಳ್ಳಿಯವರ ಹೋರಾಟದಿಂದ 2012ರಲ್ಲಿ ಅದನ್ನು ಮುಚ್ಚಬೇಕಾಯಿತು. ಹೊಸ ಬಡಾವಣೆ, ಕಾರ್ಮಿಕರ ಶೆಡ್ಡು, ಖಾಲಿ ಸೈಟು, ಬಯಲಿನ ಕಸ: ಇವೆಲ್ಲ ಸೇರಿದಲ್ಲಿ ಶಸ್ತ್ರಚಿಕಿತ್ಸೆಯಾಗದ ಒಂದು ಹೆಣ್ಣು ನಾಯಿಗೆ ಮರಿ ಹಾಕಲು ಬೇರೆ ಅನುಕೂಲ ಬೇಕಿಲ್ಲ.

ಇಷ್ಟಾದರೂ ಕೆಲಸ ಫಲ ಕೊಟ್ಟಿತು ಎಂಬುದಕ್ಕೆ ಲೆಕ್ಕವಿದೆ. ಆ ಲೆಕ್ಕದಲ್ಲೂ ಉತ್ತರ ಬೆಂಗಳೂರಿನ ಕೈಯಿದೆ. ಹೆಬ್ಬಾಳದಲ್ಲಿ ಹುಟ್ಟಿ ಈಗ ಯಲಹಂಕದ ರಾಮಗೊಂಡನಹಳ್ಳಿಯಲ್ಲಿರುವ ‘ನಿವೇದಿ’, ಅಂದರೆ ರಾಷ್ಟ್ರೀಯ ಪಶು ಸಾಂಕ್ರಾಮಿಕ ರೋಗಶಾಸ್ತ್ರ ಮತ್ತು ರೋಗ ಮಾಹಿತಿ ಸಂಸ್ಥೆ, 2023ರ ಜುಲೈನಲ್ಲಿ ಬಿಬಿಎಂಪಿಗೆ ನಾಯಿ ಎಣಿಕೆಯ ವಿಧಾನ ರೂಪಿಸಿಕೊಟ್ಟಿತು. ಇಬ್ಬಿಬ್ಬರ ತಂಡಗಳು ಬೆಳಗಿನ ಹೊತ್ತು ಬೈಕಿನಲ್ಲಿ ಹೊರಟು ಬೀದಿಬೀದಿಯ ನಾಯಿಗಳನ್ನು ಮೊಬೈಲಿನಲ್ಲಿ ದಾಖಲಿಸಿದವು. ಕಿವಿಯ ಕಚ್ಚು ಇದೆಯೋ ಇಲ್ಲವೋ ಎಂಬುದೇ ಅವರು ನೋಡುತ್ತಿದ್ದ ಮುಖ್ಯ ಗುರುತು. 2019ರಲ್ಲಿ 3.10 ಲಕ್ಷವಿದ್ದ ಬೀದಿನಾಯಿಗಳು 2.79 ಲಕ್ಷಕ್ಕೆ ಇಳಿದಿದ್ದವು. ಶಸ್ತ್ರಚಿಕಿತ್ಸೆಯಾದ ನಾಯಿಗಳ ಪಾಲು ಸುಮಾರು ಶೇ 51ರಿಂದ ಶೇ 71.85ಕ್ಕೆ ಏರಿತ್ತು. ನಗರ ಎಲ್ಲ ದಿಕ್ಕಿಗೂ ಬೆಳೆಯುತ್ತಿದ್ದ ನಾಲ್ಕು ವರ್ಷದಲ್ಲಿ ನಾಯಿಗಳ ಸಂಖ್ಯೆ ಇಳಿದದ್ದು ಸಣ್ಣ ಮಾತಲ್ಲ.

ಸರಾಸರಿ ಸಂಖ್ಯೆ ಪ್ರತಿ ಬೀದಿಗೂ ಹೊಂದುವುದಿಲ್ಲ. 2024ರ ಆಗಸ್ಟಿನಲ್ಲಿ ಜಾಲಹಳ್ಳಿಯ ವಾಯುಪಡೆ ವಸತಿ ಆವರಣದಲ್ಲಿ ಬೆಳಿಗ್ಗೆ ವಾಕಿಂಗ್ ಹೊರಟಿದ್ದ ನಿವೃತ್ತ ಶಿಕ್ಷಕಿಯೊಬ್ಬರು ನಾಯಿಗಳ ಗುಂಪಿನ ದಾಳಿಗೆ ಸಿಕ್ಕಿ ಪ್ರಾಣ ಬಿಟ್ಟರು. ಮರುವರ್ಷ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯಕೇಂದ್ರಗಳಿಗೆ ಸಾಗಿಸಲು ಆದೇಶಿಸಿತು. 22ರಂದು ಅದನ್ನು ತಿದ್ದಿ, ರೇಬೀಸ್ ಇರುವ ಮತ್ತು ಆಕ್ರಮಣ ಮಾಡುವ ನಾಯಿಗಳ ಹೊರತು ಉಳಿದವನ್ನು ಶಸ್ತ್ರಚಿಕಿತ್ಸೆ, ಲಸಿಕೆಗಳ ನಂತರ ಅಲ್ಲೇ ಬಿಡಬೇಕೆಂದಿತು. ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳು ಬಂದವು. ಎಬಿಸಿಯ ಹೊಣೆ ಈಗ ಆ ಪಾಲಿಕೆಗಳದು. ಟೆಂಡರು ತಡವಾಗಿ ಒಂದು ಹಂಗಾಮು ತಪ್ಪಿದರೂ ಹಿಂದಿನ ವರ್ಷಗಳ ಶ್ರಮದ ಒಂದು ಪಾಲು ಮಣ್ಣುಪಾಲಾಗುತ್ತದೆ.

ಬೀದಿನಾಯಿಯ ಸಂಗತಿ ಹೀಗಾದರೆ, ಮನೆಯ ಹೆಣ್ಣು ನಾಯಿಯ ಸಂಗತಿ ಇನ್ನೂ ಹಿಂದಿದೆ. ಒಂದು ಸಲವಾದರೂ ಮರಿ ಹಾಕಲಿ, ತಾಯಿಯಾಗದಿದ್ದರೆ ಪಾಪ ಎನ್ನುವವರು ಸದಾಶಿವನಗರದಿಂದ ವಿದ್ಯಾರಣ್ಯಪುರದವರೆಗೆ ಎಲ್ಲ ಕಡೆ ಇದ್ದಾರೆ. ಹೆತ್ತರೆ ಆರೋಗ್ಯ ಸುಧಾರಿಸುತ್ತದೆ ಎಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ. ಪಯೋಮೆಟ್ರಾದ ಅಪಾಯ ಮುಂದಿನ ಬೆದೆಗೆ ಮತ್ತೆ ಬರುತ್ತದೆ. ತಳಿ ಮಾರಾಟಗಾರರ ಹೆಣ್ಣುಗಳ ಪಾಡು ಇದಕ್ಕಿಂತ ಕಷ್ಟ. ಹದಿನೆಂಟು ತಿಂಗಳಿಗೆ ಮುಂಚೆ, ಎಂಟು ವರ್ಷದ ನಂತರ ಮರಿ ಹಾಕಿಸಬಾರದು, ಜೀವಮಾನದಲ್ಲಿ ಐದು ಸೂಲು ಮೀರಬಾರದು ಎಂದು 2017ರ ನಿಯಮ ಹೇಳುತ್ತದೆ. ಅದನ್ನು ಲೆಕ್ಕಿಸದವರ ಗೂಡಿನಿಂದ ಮೊಲೆ ಜೋತುಬಿದ್ದ ಲ್ಯಾಬ್ರಡಾರ್‌ಗಳು, ಬೀಗಲ್‌ಗಳು ರಸ್ತೆಗೆ ಬೀಳುತ್ತವೆ.

ಮನೆಯಲ್ಲಿ ಹೆಣ್ಣು ನಾಯಿ ಸಾಕಿರುವವರು, ಬೀದಿಯ ಹೆಣ್ಣಿಗೆ ದಿನವೂ ಅನ್ನ ಹಾಕುವವರು ಮಾಡಬೇಕಾದದ್ದು ಇಷ್ಟೇ. ಸಾಕಿದ ನಾಯಿಗೆ ಆರು ತಿಂಗಳು ತುಂಬುತ್ತಿದ್ದಂತೆ ಪಶುವೈದ್ಯರನ್ನು ಕಂಡು, ತಳಿಗೆ ತಕ್ಕ ವಯಸ್ಸು ಕೇಳಿ, ದಿನ ಗೊತ್ತುಮಾಡಿಕೊಳ್ಳಿ. ಅನ್ನ ಹಾಕುವ ಬೀದಿನಾಯಿಯ ಕಿವಿ ನೋಡಿ; ಕಚ್ಚು ಇಲ್ಲದಿದ್ದರೆ ಪಾಲಿಕೆಯ ಪಶುಪಾಲನಾ ವಿಭಾಗಕ್ಕೆ ತಿಳಿಸಿ, ಹಿಡಿಯಲು ಬಂದ ದಿನ ಜೊತೆಗಿದ್ದು ಸಹಕರಿಸಿ, ಅದೇ ಬೀದಿಗೆ ಮರಳಿ ಬಂತೇ ಎಂದು ವಿಚಾರಿಸಿ. ಮಳೆಗಾಲ ಮುಗಿಯುವ ಮುಂಚೆ ಈ ಕೆಲಸ ಆದರೆ ಒಳ್ಳೆಯದು.